ಚಾದರದ ಕೆಳಗಿನ ಕೈ

ನಮ್ಮ ದೊಡ್ಡಪ್ಪನ ಆಪರೇಷನ್ನಿನ ಕಥೆಯನ್ನು ಹಾವೇರಿಯಲ್ಲಿ ಯಾರ ಬಾಯಿಂದ ಕೇಳಿದರೂ ನಂಬಬೇಡಿ. ಅದರಲ್ಲಿ ಒಂದು ರೋಬೋಟ್ ಇರುತ್ತದೆ. ಅರವಳಿಕೆಯಲ್ಲಿ ಮುಳುಗಿದ್ದಾಗಲೂ ಎತ್ತಿನ ವ್ಯಾಪಾರ ಕುದುರಿಸಿದ ಮಹಾ ದಲಾಲಿಯೊಬ್ಬ ಇರುತ್ತಾನೆ. ಎರಡೂ ಕೇಳಲು ಚೆಂದ. ಆದರೆ ಚರ್ಚಾಸ್ಪರ್ಧೆಗಳಲ್ಲಿ ಸದಾ ವಿರೋಧವಾಗಿ ಮಾತಾಡಿಯೇ ಬಹುಮಾನ ಗೆದ್ದ ನನ್ನಂಥವಳು ಮನೆಯಲ್ಲಿದ್ದರೆ ಚೆಂದದ ಕಥೆಗಳ ಆಯುಷ್ಯ ಕಡಿಮೆ.

ಇವತ್ತು ಬೆಳಗ್ಗೆಯೂ ದೊಡ್ಡಪ್ಪನ ಹಳದಿ ಟವೆಲ್ಲು ಗೂಟದಲ್ಲಿ ನೇತಾಡುತ್ತಿತ್ತು. ಇವತ್ತು ದನದ ಸಂತೆ. ಸಂತೆಯ ದಿನ ಅದು ಗೂಟದಲ್ಲಿರುವ ವಸ್ತುವಲ್ಲ.

ಟವೆಲ್ಲಿನ ಮಹಿಮೆ ನಿಮಗೆ ಗೊತ್ತಿರದಿದ್ದರೆ ಹೇಳುತ್ತೇನೆ. ಕೊಳ್ಳುವವನ ಕೈಯನ್ನು ದಲಾಲಿ ಅದರ ಕೆಳಗೆ ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದನೋ ಅದೇ ದರ. ಬಾಯಲ್ಲಿ ಮಳೆ-ಬೆಳೆ, ಬೀಗರ ಕ್ಷೇಮಸಮಾಚಾರ, ಬೆರಳುಗಳಲ್ಲಿ ಯುದ್ಧ. ಸುತ್ತ ನಿಂತವರಿಗೆ ಒಂದೂ ತಿಳಿಯದು. ದೊಡ್ಡಪ್ಪ ಜೀವನವೆಲ್ಲ ಮಾಡಿದ್ದು ಇದನ್ನೇ. ಪಿತ್ತಕೋಶದಲ್ಲಿ ಕಲ್ಲಿದೆ ಎಂದಾಗಲೂ ಅವರ ಚಿಂತೆ ಕೈಯದ್ದೇ. "ಹೊಟ್ಟಿ ಬೇಕಾದಷ್ಟು ಕೊಯ್ರಿ ಡಾಕ್ಟರ್ರ. ಕೈಗೆ ಮಾತ್ರ ಏನೂ ಆಗಬಾರದು ನೋಡ್ರಿ."

ರಾಣೆಬೆನ್ನೂರಿನಲ್ಲಿ ಆದದ್ದು ದುರ್ಬೀನಿನ ಆಪರೇಷನ್. ಹೊಟ್ಟೆಗೆ ಸಣ್ಣ ತೂತು, ಅದರೊಳಗೆ ಕೊಳವೆ, ಎದುರಿಗೆ ಟಿವಿ. ಕೊಳವೆ ಆಡಿಸಿದ್ದು ಮನುಷ್ಯರೇ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಮಾವ, ದೊಡ್ಡ ಊರುಗಳಲ್ಲಿ ರೋಬೋಟ್ ಆಪರೇಷನ್ ಮಾಡುತ್ತದೆಂದು ಪೇಪರಿನಲ್ಲಿ ಓದಿದ್ದರು. ಕೂಡಲೇ ಅದನ್ನು ರಾಣೆಬೆನ್ನೂರಿಗೆ ತಂದಿಳಿಸಿದರು. "ಮಾವಾ, ಅದು ರೋಬೋಟ್ ಅಲ್ರಿ" ಎಂದೆ. "ನೀ ಒಳಗ ಹೋಗಿ ನೋಡಿ ಬಂದೀಯೇನು?" ಎಂದರು. ಅವರೂ ನೋಡಿರಲಿಲ್ಲ. ಆದರೂ ಗೆದ್ದವರು ಅವರೇ.

ಆಪರೇಷನ್ ಮುಗಿದ ಮೇಲೆ, ಪರಿಚಿತ ದನಿ ಕೇಳಿದರೆ ಬೇಗ ಕಣ್ಣು ಬಿಟ್ಟಾರೆಂದು ಅರವಳಿಕೆಯ ಡಾಕ್ಟರಮ್ಮ ಮನೆಯವರೊಬ್ಬರನ್ನು ಒಳಗೆ ಕರೆದರು. ಒಬ್ಬರು ಎಂದರೆ ನಮ್ಮ ಲೆಕ್ಕದಲ್ಲಿ ದೊಡ್ಡವ್ವ, ಮಾವ ಮತ್ತು ನಾನು.

ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಆಪರೇಷನ್ ವೇಳೆ ಮೈಯ ಸ್ನಾಯುಗಳು ಸಡಿಲವಾಗಿರಲೆಂದು ಒಂದು ಔಷಧ ಕೊಟ್ಟಿರುತ್ತಾರೆ. ಮುಗಿದ ಮೇಲೆ ಅದರ ಪ್ರಭಾವ ಇಳಿಸಲು ಇನ್ನೊಂದು. ಪೂರ್ತಿ ಇಳಿಯಿತೇ ಎಂದು ತಿಳಿಯಲು ತಲೆ ಎತ್ತಿಸಿ ನೋಡಬೇಕು, ಕೈ ಹಿಡಿಸಿ ನೋಡಬೇಕು. ಅಷ್ಟು ಹೇಳಿ ಚಾದರದ ಕೆಳಗೆ ಕೈ ತೂರಿಸಿ, "ಯಜಮಾನ್ರೇ, ಗಟ್ಟಿಯಾಗಿ ಹಿಡೀರಿ" ಎಂದರು. ದೊಡ್ಡಪ್ಪ ಕಣ್ಣು ತೆರೆಯಲಿಲ್ಲ. ಚಾದರ ಮಾತ್ರ ಅಲುಗಿತು.

"ಎರಡು ಬೆರಳು ಹಿಡಿದು ಬಿಟ್ಟುಬಿಟ್ರು," ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ದರಾ ಮಾಡಾಕತ್ತಾರ್ರೀ!" ಎಂದು ಮಾವ ಕುಣಿದಾಡಿದರು.

"ಅಯ್ಯ ಶಿವನ, ಇಲ್ಲೂ ಸಂತಿ ಬಿಡವಲ್ರಲ್ಲ!" ಅಲ್ಲಿಯತನಕ ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊರುತ್ತಿದ್ದ ದೊಡ್ಡವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ.

ಡಾಕ್ಟರಮ್ಮ ಇನ್ನೊಂದು ಇಂಜೆಕ್ಷನ್ ಕೈಗೆತ್ತಿಕೊಂಡರೆ ಮಾವ ಅಡ್ಡ ನಿಂತರು. "ಬ್ಯಾಡ್ರಿ ಮೇಡಂ, ಪೂರಾ ಎಚ್ಚರದಾಗ ಅದಾರ. ನಿಮ್ಮ ದರ ಅವರಿಗೆ ಒಪ್ಪಿಗಿ ಆಗಿಲ್ಲ, ಅಷ್ಟ." ತಾವೇ ಚಾದರದೊಳಗೆ ಕೈ ಹಾಕಿ ಚೌಕಾಸಿಗೆ ನಿಂತರು.

"ಉಸಿರು ಇನ್ನೂ ಮೇಲೆಮೇಲೇ ಆಡ್ತಿದೆ. ಮೊದಲು ದಾರಿ ಬಿಡಿ!" ಡಾಕ್ಟರಮ್ಮ ಗದರಿದರು. ಔಷಧ ಕೊಟ್ಟರು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ತಲೆ ಎತ್ತಿದರು. ಡಾಕ್ಟರಮ್ಮನ ಕೈಯನ್ನು ಹೇಗೆ ಹಿಡಿದರೆಂದರೆ, ಅವರೇ "ಸಾಕು, ಸಾಕು" ಎನ್ನಬೇಕಾಯಿತು. "ನೋಡ್ರಿ, ವ್ಯಾಪಾರ ಕುದುರ್ತು!" ಎಂದರು ಮಾವ.

ಅಂದಿನಿಂದ ಆ ಕಥೆ ಮದುವೆ ಪಂಕ್ತಿಗಳಲ್ಲಿ, ಗುತ್ತಲದ ಬಸ್ಸಿನಲ್ಲಿ ಓಡಾಡಿಕೊಂಡಿದೆ. ದೊಡ್ಡಪ್ಪನೂ ಕೇಳಿ ನಗುತ್ತಾರೆ. ಸಂತೆಗೆ ಮಾತ್ರ ಹೋಗಿಲ್ಲ. "ಹೊಲಿಗಿ ಜಗ್ತೈತಿ" ಎನ್ನುತ್ತಿದ್ದರು. ಹೊಲಿಗೆಯ ಗುರುತು ಮಾಸಿ ವರ್ಷವಾಗುತ್ತ ಬಂತು.

ಇವತ್ತು ಚಹಾದ ಹೊತ್ತಿಗೆ ನಾನು ಮತ್ತೆ ನನ್ನ ವಾದ ಹೂಡಿದೆ. ಅದು ವ್ಯಾಪಾರವೂ ಅಲ್ಲ, ಮಣ್ಣೂ ಅಲ್ಲ. ಔಷಧ ಪೂರ್ತಿ ಇಳಿದಿರಲಿಲ್ಲ. ಮನುಷ್ಯನಿಗೆ ಎಚ್ಚರವಾಗಿದ್ದರೂ ಕೈ ಅವನ ಮಾತು ಕೇಳುತ್ತಿರಲಿಲ್ಲ. ಅಡ್ಡ ಮಾತಾಡಲು ಮಾವ ಇರಲಿಲ್ಲ. ಮೊದಲ ಸಲ ನಾನು ಆಡಿದ ಮಾತು ನನಗೇ ಕೇಳಿಸಿತು. ಎಚ್ಚರವಾಗಿದ್ದರೂ.

ದೊಡ್ಡಪ್ಪ ಎಡಗೈಯಲ್ಲಿ ಚಹಾದ ಬಸಿ ಹಿಡಿದಿದ್ದರು. ಬಲಗೈ ಧೋತರದ ಮಡಿಕೆಯೊಳಗೆ ಮುಷ್ಟಿ ಕಟ್ಟುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಕಟ್ಟುತ್ತಿತ್ತು.

ಎದ್ದು ಹೋಗಿ ಗೂಟದ ಟವೆಲ್ಲು ತಂದೆ. ಅವರ ಕೈಯನ್ನು ಹಿಡಿದು, ಇಬ್ಬರ ಕೈ ಮೇಲೂ ಅದನ್ನು ಹೊದಿಸಿದೆ.

"ದೊಡ್ಡಪ್ಪಾ, ಅವತ್ತು ನಾವೆಲ್ಲಾ ನಗೂದು ನಿಮಗ ಕೇಳಿಸ್ತಿತ್ತೇನ್ರಿ?"