ಏರಿನಲ್ಲಿ ಉಸಿರು ಬಿಡುವ ಪಿಕಪ್ಪು

ಗುರ್ರಣ್ಣ ಅಂದರೆ ಆ ಬೀದಿಗೆಲ್ಲ ಗೊತ್ತು. ಹುಟ್ಟಿದಾಗ ಇಟ್ಟ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು. ಮುಂದೆ ತಗಡಿನ ಶೆಡ್ಡು, ಅದರ ಬೆನ್ನಿಗೇ ಮನೆ. ಮೂವತ್ತು ವರ್ಷದಿಂದ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿ ಎದ್ದ ಜೀವ ಅದು. ಗಾಡಿ ತಂದವನು "ಅಣ್ಣಾ, ಏನಾಗಿದೆ ಅಂದ್ರೆ..." ಎಂದು ಬಾಯಿ ತೆರೆದರೆ ಸಾಕು, "ನೀನು ಸುಮ್ನಿರು, ಗಾಡಿ ಹೇಳ್ಲಿ" ಎಂದು ಗುರ್ರೆನ್ನುವನು. ಎಂಜಿನ್ನಿನ ಹತ್ತಿರ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಲ್ಲುವನು. ಹತ್ತರಲ್ಲಿ ಒಂಬತ್ತು ಸಲ ಗಾಡಿ ನಿಜವನ್ನೇ ಹೇಳುತ್ತಿತ್ತು.

ಹತ್ತನೆಯದು ಅವನ ಹೆಂಡತಿಯ ತಮ್ಮನ ಪಿಕಪ್ಪು.

ಬಾಮೈದ ಅದರಲ್ಲಿ ನೀರಿನ ಕ್ಯಾನು ಸಾಗಿಸುತ್ತಿದ್ದ. ಗಾಡಿ ನಿಲ್ಲಿಸಲು ಜಾಗವಿಲ್ಲದೆ ದಿನವೂ ಭಾವನ ಶೆಡ್ಡಿನಲ್ಲೇ ಬಿಟ್ಟು ಹೋಗುತ್ತಿದ್ದ. ಒಂದು ತಿಂಗಳಿಂದ ಗಾಡಿ ಮೊಂಡು ಹಿಡಿದಿತ್ತು. ಹೊರಡುವಾಗ ಚೆನ್ನಾಗಿರುತ್ತದೆ, ಐದಾರು ಮೈಲಿ ಹೋದಮೇಲೆ ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಹೋಗಲೋ ಬೇಡವೋ ಎಂದು ತಡವರಿಸುತ್ತದೆ. ಗುರ್ರಣ್ಣ ಮೊದಲು ಫಿಲ್ಟರ್ ಬದಲಾಯಿಸಿದ. ಆಮೇಲೆ ಡೀಸೆಲ್ ಪಂಪನ್ನೇ ಬದಲಾಯಿಸಿದ. ಕಾಯಿಲೆ ಮಾತ್ರ ಹಾಗೇ ಇತ್ತು.

ಮೂರನೇ ಸಲ ಗಾಡಿ ಕೈಕೊಟ್ಟಾಗ ಬಾಮೈದ ಬೆಳಗ್ಗೆ ಬೆಳಗ್ಗೆಯೇ ಜಗಳಕ್ಕೆ ಬಂದ. ಎದುರು ಅಂಗಡಿಯ ದರ್ಜಿ ಕತ್ತರಿ ಕೆಳಗಿಟ್ಟು ಕಿವಿ ನೆಟ್ಟಗೆ ಮಾಡಿದ.

"ಭಾವ, ಹೊಸ ಪಂಪು ಅಂತ ಹೇಳಿ ಹಳೇದು ತುರುಕಿದ್ದೀಯ. ನನ್ನ ಒಳ್ಳೇ ಪಂಪನ್ನ ಬೇರೆಯವರಿಗೆ ಮಾರಿದ್ದೀಯ. ಕಳ್ಳ ನೀನು!"

ಅಲ್ಲಿಯವರೆಗೆ "ನೀವು" ಎನ್ನುತ್ತಿದ್ದ ಬಾಯಿ ಅದು. ಗುರ್ರಣ್ಣನ ಕೈಯಲ್ಲಿದ್ದ ಸ್ಪ್ಯಾನರು ಗಾಳಿಯಲ್ಲೇ ನಿಂತಿತು. ದಡ್ಡ ಅಂದಿದ್ದರೆ ಬೈದು ಕಳಿಸುತ್ತಿದ್ದ, ಸೋಮಾರಿ ಅಂದಿದ್ದರೆ ನಕ್ಕುಬಿಡುತ್ತಿದ್ದ. ಬೀದಿಯವರೆಲ್ಲ ಬೀಗದ ಕೈ ಕೊಟ್ಟು ಗಾಡಿ ಬಿಟ್ಟು ಹೋಗುತ್ತಿದ್ದುದು ಅವನು ಕಳ್ಳನಲ್ಲ ಎಂಬ ಒಂದೇ ಧೈರ್ಯದ ಮೇಲೆ. ಕಳ್ಳ ಅನ್ನುವ ಮಾತು ಬೀದಿಯಲ್ಲಿ ಉಳಿದುಬಿಟ್ಟರೆ ಶೆಡ್ಡಿನ ಬಾಗಿಲು ಮುಚ್ಚಿದ ಹಾಗೇ.

"ಗಾಡಿ ಹತ್ತು. ಕ್ಯಾನು ತುಂಬಿರಲಿ. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರ್ತೀನಿ," ಎಂದ.

ದಾರಿಯುದ್ದಕ್ಕೂ ಬಾಮೈದ ರಸ್ತೆ ನೋಡಿದ, ಗುರ್ರಣ್ಣ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ. ಏಳನೇ ಮೈಲಿಯ ಹತ್ತಿರ ಏರು ಹತ್ತುವಾಗ ಗಾಡಿ ಬಿಕ್ಕಿತು. ಬಾಮೈದ ಆಕ್ಸಿಲರೇಟರ್ ತುಳಿದ. ಅದು ಇನ್ನಷ್ಟು ಬಿಕ್ಕಿ ಉಸಿರು ಬಿಟ್ಟಿತು.

"ನಿಲ್ಸು. ಟ್ಯಾಂಕಿನ ಬೀಗದ ಕೈ ಕೊಡು."

"ಟ್ಯಾಂಕು ಯಾಕೆ? ಪಂಪು ನೋಡು ಅಂದ್ರೆ..."

"ಕೊಡೋ ಅಂದ್ರೆ!"

ಮುಚ್ಚಳ ಸಡಿಲಿಸಿದ್ದೇ ತಡ, ಟ್ಯಾಂಕು ಸುಸ್ಸ್ ಎಂದು ಗಾಳಿ ಎಳೆದುಕೊಂಡಿತು, ನೀರಲ್ಲಿ ಮುಳುಗಿದ್ದವನು ಮೇಲೆ ಬಂದ ಹಾಗೆ. ಗುರ್ರಣ್ಣ ಮುಚ್ಚಳ ತಿರುಗಿಸಿ ನೋಡಿದ. ನಾಲ್ಕು ಮಡಿಕೆಯ ಪ್ಲಾಸ್ಟಿಕ್ಕು, ಸೈಕಲ್ ಟ್ಯೂಬಿನ ಉಂಗುರ, ಗಾಳಿಯಾಡುವ ಸಣ್ಣ ತೂತಿನ ಮೇಲೆ ಗಟ್ಟಿ ಅಂಟು.

"ಡೀಸೆಲ್ ಇಳಿದಷ್ಟೂ ಒಳಗೆ ಗಾಳಿ ಹೋಗಬೇಕು. ಹೋಗದೆ ಇದ್ರೆ ಪಂಪು ಏನನ್ನ ಎಳೀಬೇಕು, ನಿನ್ನ ತಲೇನಾ? ಶೆಡ್ಡಲ್ಲಿ ನಿಂತಾಗ ಸಂದಿಯಿಂದ ಒಂದಿಷ್ಟು ಗಾಳಿ ನುಸುಳಿ ಸರಿಹೋಗೋದು. ಈ ತೂತು ಮುಚ್ಚಿದ್ದು ಯಾರು?"

ಬಾಮೈದ ರಸ್ತೆ ನೋಡಿದ. "ನಾನೇ. ಡೀಸೆಲ್ ಕಮ್ಮಿಯಾಗ್ತಿದೆ ಅನ್ನಿಸ್ತು."

"ಗಾಡಿ ನಿಲ್ಲೋದು ನನ್ನ ಶೆಡ್ಡಲ್ಲಿ."

"ಅದಕ್ಕೇ."

ಗುರ್ರಣ್ಣ ಮುಚ್ಚಳವನ್ನು ಅವನ ಮೂಗಿನ ಮುಂದೆ ಹಿಡಿದ. "ಲೋ, ಸೂಜಿ ತೂತು ಇದು! ಇದರಲ್ಲಿ ಡೀಸೆಲ್ ಕದಿಯೋಕೆ ನಾನು ಸೊಳ್ಳೆ ಸಾಕಬೇಕಿತ್ತು!"

"ಹೌದಪ್ಪ, ನನ್ನ ತಪ್ಪು. ನಿನ್ನದು? ಒಂದು ಸಲನಾದ್ರೂ 'ಏನೋ, ಗಾಡಿಗೆ ಏನು ಮಾಡ್ದೆ' ಅಂತ ಕೇಳಿದ್ಯಾ? ಕೇಳಿದ್ರೆ ಹೇಳ್ತಿದ್ದೆ. ಸುಮ್ಮಸುಮ್ಮನೆ ನನ್ನ ಒಳ್ಳೇ ಪಂಪನ್ನ ಕಿತ್ತೆ!"

ಅದು ನಾಟಿತು. ಕೇಳಿದ್ದರೂ ಇವನು ಹೇಳುತ್ತಿರಲಿಲ್ಲ ಎಂದು ಗುರ್ರಣ್ಣನಿಗೆ ಗೊತ್ತು. ಕೇಳಿರಲಿಲ್ಲ ಅನ್ನುವುದೂ ನಿಜವೇ. ಅಂಟು ಕೆರೆದ, ಪಿನ್ನು ಚುಚ್ಚಿ ತೂತು ಬಿಡಿಸಿದ, ಊದಿ ನೋಡಿದ, ಪ್ಲಾಸ್ಟಿಕ್ಕು ಕಿತ್ತು ಬಾಮೈದನ ಜೇಬಿಗೇ ತುರುಕಿದ. ಗಾಡಿ ತಿರುಗಿ ಬರುವಾಗ ಒಂದು ಸಲವೂ ಬಿಕ್ಕಲಿಲ್ಲ.

ಶೆಡ್ಡಿನ ಮುಂದೆ ದರ್ಜಿ ಅಲ್ಲದೆ ಇನ್ನೂ ನಾಲ್ಕು ಜನ ಸೇರಿದ್ದರು. ಗುರ್ರಣ್ಣನ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಿದ್ದಳು.

"ಪಂಪು ಬದಲಾಯಿಸಿದ್ದು ನನ್ನ ತಪ್ಪು," ಎಂದು ಗುರ್ರಣ್ಣ ಎಲ್ಲರಿಗೂ ಕೇಳುವಂತೆ ಹೇಳಿ ಇಳಿದ. "ನನ್ನದು ಮುಗೀತು. ಈಗ ನಿನ್ನದು ಹೇಳು."

ಬಾಮೈದ ಬಾಗಿಲ ಕಡೆ ತಿರುಗಿದ. "ಅಕ್ಕಾ, ಆಮೇಲೆ ನಿಂಗೆ ಹೇಳ್ತೀನಿ."

"ನಂಗ್ಯಾಕೋ? ಬೀದಿಯಲ್ಲಿ ನಿಂತು ಅಂದಿದ್ದನ್ನ ಅಡುಗೆಮನೆಯಲ್ಲಿ ನಿಂತು ವಾಪಸ್ ತಗೋತೀಯಾ?"

ಅವನು ಗೇರು ಹಾಕಿ ಹೊರಟೇಬಿಟ್ಟ. ಗುರ್ರಣ್ಣ ಅಲ್ಲೇ ನಿಂತ. ಬೀದಿಯ ಕೊನೆಯ ಏರನ್ನು ಗಾಡಿ ಹತ್ತಿತು, ತುದಿಗೆ ಹೋಗಿ ನಿಂತಿತು. ಮತ್ತೆ ಕೆಟ್ಟಿತೇ ಎಂದು ದರ್ಜಿ ಕತ್ತು ಉದ್ದ ಮಾಡಿದ. ಬಾಮೈದ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಇಡೀ ಬೀದಿಗೆ ಕೇಳುವಂತೆ ಕಿರುಚಿದ:

"ನಮ್ಮ ಭಾವ ಕಳ್ಳ ಅಲ್ಲ ಕಣ್ರೋ! ಬರೀ ದಡ್ಡ!"

"ಲೋ, ನಾಳೆಯಿಂದ ಗಾಡೀನ ನಿನ್ನ ತಲೆ ಮೇಲೆ ನಿಲ್ಲಿಸ್ಕೋ!" ಎಂದು ಗುರ್ರಣ್ಣ ಅಷ್ಟೇ ಜೋರಾಗಿ ಕೂಗಿದ. ಆಮೇಲೆ ದರ್ಜಿಯ ಕಡೆ ತಿರುಗಿ, "ಕೇಳಿಸ್ತಲ್ಲ?" ಎಂದ.

"ಯಾವುದು, ದಡ್ಡ ಅಂದಿದ್ದಾ?"

"ಅದಕ್ಕೆ ಮುಂಚೆ ಅಂದಿದ್ದು," ಎಂದು ಗುರ್ರೆನ್ನುತ್ತ ಶೆಡ್ಡಿನೊಳಕ್ಕೆ ಹೋದ.