ಗುರುವಾರದ ವಾರ್ತೆ ಓದುವ ಝುಹೈರ್

ಅಂಜಾರಾ ಪೇಟೆಯಲ್ಲಿ ಸುಟ್ಟುಹೋದ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಒಂದೇ ಒಂದು. ಅದು ಝುಹೈರನದು. ದೊಡ್ಡ ಮಗನ ಹೆಸರು ನಿದಾಲ್ ಆದ್ದರಿಂದ ಊರಿಗೆಲ್ಲ ಅವನು ಅಬೂ ನಿದಾಲ್, ಅಂದರೆ ನಿದಾಲನ ಅಪ್ಪ. ನೋಡಲು ಹೇಳಿಕೊಳ್ಳುವಂಥ ಆಳಲ್ಲ. ಕುಳ್ಳು, ಹೊಟ್ಟೆ ಅವನಿಗಿಂತ ಮೊದಲು ಬಾಗಿಲು ದಾಟುತ್ತದೆ, ಬೆರಳ ತುದಿಗಳಲ್ಲಿ ಸದಾ ವಾರ್ನಿಷ್ ಅಂಟು. ಆದರೆ ಬಾಯಿ ತೆರೆದನೆಂದರೆ ಎದುರು ಅಂಗಡಿಯ ಕಸಾಯಿ ಕೂಡ ಕತ್ತಿ ಕೆಳಗಿಟ್ಟು ಕೇಳಬೇಕು, ಅಂಥ ಕಂಠ. ದೇವರು ಅವನಿಗೆ ಕಂಠವನ್ನು ಧಾರಾಳವಾಗಿ ಕೊಟ್ಟ; ಅದನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಬುದ್ಧಿ ಕೊಡುವಾಗ ಮಾತ್ರ ಯಾಕೋ ಕೈ ಬಿಗಿ ಮಾಡಿದ.

ಆ ಕಂಠಕ್ಕೆ ಒಂದು ಕೆಲಸ ಸಿಕ್ಕಿದ್ದು ಊರಿನ ಹವ್ಯಾಸಿ ರೇಡಿಯೋ ಸಂಘದಲ್ಲಿ. ಸಂಘವೆಂದರೆ ದೊಡ್ಡದೇನಲ್ಲ. ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಔಷಧಿ ಅಂಗಡಿಯವ, ಇಬ್ಬರು ಮೂವರು ಸೈನ್ಯದಿಂದ ಬಂದವರು, ಕಾಲೇಜು ಹುಡುಗಿಯರು ಕೆಲವರು. ಎಲ್ಲರ ಮನೆ ತಾರಸಿಯ ಮೇಲೂ ಒಂದೊಂದು ಆಂಟೆನಾ, ಮನೆಯೊಳಗೆ ಅದಕ್ಕೆ ಬೈಯುವ ಒಬ್ಬೊಬ್ಬ ಹೆಂಡತಿ ಅಥವಾ ತಾಯಿ. ಗುಡ್ಡದ ನೆತ್ತಿಯ ಮೇಲೆ, ಓಕ್ ಮರಗಳ ನಡುವೆ, ಸಂಘದ್ದೇ ಆದ ಒಂದು ಪೆಟ್ಟಿಗೆ ಇದೆ. ಇಲ್ಲಿ ಆಡಿದ ಮಾತನ್ನು ಅದು ಹಿಡಿದುಕೊಂಡು ಇಡೀ ಸೀಮೆಗೆ ಎಸೆಯುತ್ತದೆ. ಒಂದು ಚಳಿಗಾಲ ಹಿಮ ಬಿದ್ದು ರಸ್ತೆ ಮುಚ್ಚಿ, ಫೋನೂ ಸತ್ತಾಗ, ಯಾವ ಮನೆಯಲ್ಲಿ ಸಕ್ಕರೆ ಕಾಯಿಲೆಯ ಔಷಧಿ ಮುಗಿದಿದೆ, ಎಲ್ಲಿ ಬಾಣಂತಿ ಇದ್ದಾಳೆ ಎಂಬುದೆಲ್ಲ ಆ ಪೆಟ್ಟಿಗೆಯ ಮೂಲಕವೇ ಹೋಗಿ ಬಂದದ್ದು. ಅಂದಿನಿಂದ ಊರವರು ಇವರನ್ನು ಹುಚ್ಚರು ಅನ್ನುವುದನ್ನು ಸ್ವಲ್ಪ ಕಡಿಮೆ ಮಾಡಿದರು.

ಗುರುವಾರ ಸಂಜೆಯ ನಮಾಜು ಮುಗಿದ ಮೇಲೆ ಝುಹೈರ್ ಸಂಘದ ವಾರ್ತೆ ಓದುತ್ತಾನೆ. ಯಾರು ಹೊಸ ಆಂಟೆನಾ ಕಟ್ಟಿದರು, ಗುಡ್ಡದ ಪೆಟ್ಟಿಗೆಗೆ ಬ್ಯಾಟರಿ ಯಾವಾಗ ಬದಲಾಯಿಸುವುದು, ಕಾಡಿನಲ್ಲಿ ರೇಡಿಯೋ ಬಚ್ಚಿಟ್ಟು ಹುಡುಕುವ ಆಟಕ್ಕೆ ಯಾರು ಬರುತ್ತಾರೆ, ಸೈಪ್ರಸ್ಸಿನವನೊಬ್ಬ ಯಾರ ರೇಡಿಯೋಗೆ ಸಿಕ್ಕಿದ, ಇಂಥವೇ ಸುದ್ದಿ. ಇಷ್ಟನ್ನೇ ಅವನು ರಾಜ್ಯದ ಭವಿಷ್ಯ ತನ್ನ ನಾಲಿಗೆ ತುದಿಯಲ್ಲಿದೆ ಎಂಬಂತೆ ಓದುತ್ತಾನೆ. ಆಮೇಲೆ ಒಬ್ಬೊಬ್ಬರನ್ನೇ ಕರೆಯುತ್ತಾನೆ, ಅವರು ತಮ್ಮ ಮಾತು ಹೇಳುತ್ತಾರೆ, ಇವನು ಅವರ ಧ್ವನಿಗೆ ಅಂಕ ಕೊಡುತ್ತಾನೆ. ಮಾತು ಸ್ಪಷ್ಟವಿದ್ದರೆ ಐದು, ಬಲವಿದ್ದರೆ ಒಂಬತ್ತು. ಐದು-ಒಂಬತ್ತು ಅಂದರೆ ಪೂರ್ತಿ ಅಂಕ. ಪುಸ್ತಕದ ಪ್ರಕಾರ ಕೇಳಿಸಿದಷ್ಟೇ ಹೇಳಬೇಕು. ಆದರೆ ಮನೆಗೆ ಕರೆದು ಉಣಿಸಿದವರಿಗೆ ಉಪ್ಪು ಜಾಸ್ತಿ ಎಂದು ಹೇಳುವವರುಂಟೆ? ಹಾಗೆ ಅಂಜಾರಾದಲ್ಲಿ ಎಲ್ಲರಿಗೂ ಐದು-ಒಂಬತ್ತು.

ಎಲ್ಲರಿಗಿಂತ ಕೊನೆಗೆ ಮಾತಾಡುತ್ತಿದ್ದವರು ಹಾಜಿ ಅಬೂ ರಾತಿಬ್. ಸೈನ್ಯದಲ್ಲಿ ತಂತಿ ಸಂದೇಶ ಕಳಿಸುವ ಹವಾಲ್ದಾರರಾಗಿದ್ದವರು. ಝುಹೈರನಿಗೆ ರೇಡಿಯೋ ಕಲಿಸಿದ್ದು ಅವರೇ. ಶಾಲೆ ಅರ್ಧಕ್ಕೆ ಬಿಟ್ಟು ಮೋಟಾರು ಸುತ್ತುತ್ತಿದ್ದ ಹುಡುಗನನ್ನು ಕೂರಿಸಿಕೊಂಡು, ಚುಕ್ಕೆ ಗೆರೆಗಳ ಭಾಷೆಯನ್ನು ಊಟದ ತಟ್ಟೆಗೆ ಚಮಚ ಬಡಿದು ಬಡಿದು ಕಲಿಸಿ, ಪರೀಕ್ಷೆಗೆ ರಾಜಧಾನಿ ಅಮ್ಮಾನಿಗೆ ತಾವೇ ಕರೆದುಕೊಂಡು ಹೋಗಿದ್ದರು. ಈಗ ಅವರ ಕಿವಿ ಮಂದ. ಅವರ ತಾರಸಿಯ ಆಂಟೆನಾ ಕೇಬಲ್ಲಿಗೆ ನೀರಿಳಿದು ಎಷ್ಟೋ ಕಾಲವಾಗಿತ್ತು. ಹಾಜಿ ಮಾತಾಡಿದರೆ ಕೇಳಿಸುತ್ತಿದ್ದುದು ಬರೀ ಸದ್ದು, ಅದರ ನಡುವೆ ಅಲ್ಲೊಂದು ಇಲ್ಲೊಂದು ಪದ. ಅದು ಮುಗಿದ ಕೂಡಲೇ ಝುಹೈರ್, "ಐದು-ಒಂಬತ್ತು ಹಾಜಿ, ಎಲ್ಲಾ ಚೆನ್ನಾಗಿ ಕೇಳಿಸ್ತು," ಅನ್ನುತ್ತಿದ್ದ. ಹೋಗಿ ಕೇಬಲ್ ಬದಲಾಯಿಸಿ ಕೊಡಬಹುದಿತ್ತು. ಬೆಳಗ್ಗೆ ಒಂದು ಗಂಟೆಯ ಕೆಲಸ. ಆದರೆ ಬದಲಾಯಿಸಬೇಕೆಂದರೆ, ಇಷ್ಟು ದಿನ ಕೇಳಿಸುತ್ತಿರಲಿಲ್ಲ ಎಂದು ಬಾಯಿ ಬಿಡಬೇಕಾಗುತ್ತಿತ್ತು.

ಆ ಗುರುವಾರವೂ ಹಾಗೇ ಆಯಿತು. ಹಾಜಿ ಬಹಳ ಹೊತ್ತು ಸದ್ದು ಮಾಡಿದರು. ಝುಹೈರ್ ಪೂರ್ತಿ ಅಂಕ ಕೊಟ್ಟು, ಮೈಕನ್ನು ದಿವಾನದ ಮೇಲೆ ಎಸೆದು, ಅದರ ಪಕ್ಕಕ್ಕೇ ದೊಪ್ಪನೆ ಕೂತ. ಹೆಂಡತಿ ಇಂತಿಸಾರ್ ಚಹಾ ತಂದಿಟ್ಟಳು.

"ಏನಂತೆ ಹಾಜಿ?" ಅಂದಳು.

"ಏನೋ ಯಾರಿಗ್ಗೊತ್ತು? ಬಾಣಲೆಗೆ ಈರುಳ್ಳಿ ಬಿಟ್ಟ ಹಾಗೆ ಚರ್ರ್ ಅಂತು. ವಾರಾವಾರ ಇದೇ ಗೋಳು. ಕಿವುಡ ಮುದುಕ, ತಾನೂ ಕೇಳಿಸ್ಕೊಳ್ಳಲ್ಲ, ನಮಗೂ ಏನೂ ಕೇಳಿಸಲ್ಲ. ನಾವೆಲ್ಲ ಕೂತ್ಕೊಂಡು ಐದು-ಒಂಬತ್ತು, ಐದು-ಒಂಬತ್ತು ಅಂತ ಪೂಸಿ ಹೊಡೀತೀವಿ."

"ಹಾಗನ್ಬೇಡಿ. ನಿಮಗೆ ಕಲಿಸಿದವ್ರು."

"ಕಲಿಸಿದ್ದಕ್ಕೆ ಅವರ ಬಾವಿ ಮೋಟಾರು ಎಷ್ಟು ಸಲ ಬಿಟ್ಟಿ ಸುತ್ತಿಕೊಟ್ಟಿಲ್ಲ ನಾನು? ಅದೆಲ್ಲ ತೀರಿತು. ಒಂದು ಸಿಡಿಲು ಬಡಿದು ಆ ಆಂಟೆನಾ ಉದುರಿಹೋದ್ರೆ ಸಂಘಕ್ಕೇ ಹಬ್ಬ," ಅಂದ. ಅಷ್ಟಕ್ಕೇ ಬಿಡದೆ ಹಾಜಿಯ ಗೊಗ್ಗರು ಧ್ವನಿಯಲ್ಲಿ, "ಹಾಂ? ಯಾರು? ಹಾಂ?" ಎಂದು ಅಣಕಿಸಿಯೂ ಬಿಟ್ಟ. ಇಂತಿಸಾರ್ ನಗಲಿಲ್ಲ. ಅವಳು ರೇಡಿಯೋ ಕಡೆ ನೋಡುತ್ತಿದ್ದಳು.

"ಆ ಕೆಂಪು ದೀಪ ಯಾಕೆ ಉರೀತಿದೆ?"

ಮೈಕು ಅವನ ತೊಡೆಯಡಿ ಸಿಕ್ಕಿ, ಮಾತಾಡುವಾಗ ಮಾತ್ರ ಒತ್ತಬೇಕಾದ ಗುಂಡಿ ಒತ್ತಿಯೇ ಇತ್ತು. ಹೌಹಾರಿ ಎದ್ದ. ದೀಪ ಆರಿತು. ರೇಡಿಯೋದಲ್ಲಿ ಸಂಘದ ಅಧ್ಯಕ್ಷರು, ನಿವೃತ್ತ ಮೇಷ್ಟ್ರು ಉಸ್ತಾದ್ ಫವ್ವಾಜ್, ಸತ್ತ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಅಬೂ ನಿದಾಲ್, ನಿನ್ನ ಗುಂಡಿ ಒತ್ತಿತ್ತು," ಅಂದರು.

ಮಾರನೇ ದಿನ ಅಂಗಡಿ ಬಾಗಿಲು ಅರ್ಧವೇ ತೆಗೆದ. ಸಂಘದವರಷ್ಟೇ ಕೇಳಿದ್ದರೆ ಒಂದು ಮಾತು. ಆ ಪೆಟ್ಟಿಗೆ ಸುತ್ತಲ ಸೀಮೆಗೆಲ್ಲ ಎಸೆದಿತ್ತು. ಔಷಧಿ ಅಂಗಡಿಯ ಗಸ್ಸಾನ್ ಬಂದು ಹೊಸ್ತಿಲಲ್ಲೇ ನಿಂತು, "ಏನಪ್ಪಾ ಅಬೂ ನಿದಾಲ್, ನಿನ್ನ ಹಿಂಭಾಗ ನಿನಗಿಂತ ಚೆನ್ನಾಗಿ ವಾರ್ತೆ ಓದತ್ತಂತೆ," ಅಂದ. ಬೇರೆ ದಿನವಾಗಿದ್ದರೆ ಝುಹೈರ್ ಅದಕ್ಕೆರಡು ಸೇರಿಸಿ ಕೊಡುತ್ತಿದ್ದ. ಅಂದು ತಲೆ ಎತ್ತಲಿಲ್ಲ, ತಂತಿ ಸುತ್ತುತ್ತಲೇ ಇದ್ದ. ಊಟಕ್ಕೆ ಕೂತರೆ ಇಂತಿಸಾರ್ ತಟ್ಟೆಯನ್ನು ದೂರದಿಂದಲೇ ತಳ್ಳುತ್ತಾಳೆ. ಮಗ ನಿದಾಲ್ ಸಂಕಟದಿಂದ ರೊಟ್ಟಿ ಮುರಿಯುತ್ತಾನೆ. ಒಂದೇ ಒಂದು ಆಸೆ ಝುಹೈರನಿಗೆ: ಹಾಜಿ ಕಿವುಡರು. ತಮ್ಮ ಮಾತು ಮುಗಿದ ಕೂಡಲೇ ಹೆಡ್‌ಫೋನ್ ತೆಗೆದಿಡುವ ಅಭ್ಯಾಸ ಅವರಿಗೆ. ಯಾವ ಕಿವುಡುತನವನ್ನು ಅಣಕಿಸಿದ್ದೆನೋ ಅದೇ ನನ್ನನ್ನು ಕಾಪಾಡಲೆಂದು ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ಹೊಳೆದಾಗ ಅವನಿಗೆ ತನ್ನ ಮೇಲೇ ಹೇಸಿಗೆ ಬಂತು.

ಮುಂದಿನ ಗುರುವಾರ ವಾರ್ತೆ ಓದಿದ. ಧ್ವನಿ ಬಿದ್ದುಹೋಗಿತ್ತು. ಕೊನೆಗೆ ಹಾಜಿಯನ್ನು ಕರೆದ. ಉತ್ತರವಿಲ್ಲ. ಮತ್ತೆ ಕರೆದ, ಇಲ್ಲ. ಹಾಜಿ ಗುರುವಾರ ತಪ್ಪಿಸಿದ್ದೇ ಇಲ್ಲ. ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು, ಅವರಿಗೆ ಕೇಳಿಸಿದೆ ಅಂತ.

ಇಂಥದ್ದಕ್ಕೆ ನಮ್ಮ ಕಡೆ ಫೋನು ಮಾಡಿ ವಿಚಾರಿಸುವುದಿಲ್ಲ. ಅದು ಇನ್ನೊಂದು ಅವಮಾನ. ಹೆಣ್ಣು ಕೇಳಲು ಹೋಗುವ ಹಾಗೆಯೇ, ಹಿರಿಯರನ್ನು ಕೂಡಿಸಿಕೊಂಡು ಜಾಹಾ ಹೋಗಬೇಕು. ಮನೆಯವರು ಕಾಫಿ ಕೊಡುತ್ತಾರೆ. ಬಂದವರು ಬಟ್ಟಲನ್ನು ತುಟಿಗೆ ಮುಟ್ಟಿಸದೆ ಕೆಳಗಿಟ್ಟು ತಪ್ಪೊಪ್ಪಿಕೊಳ್ಳುತ್ತಾರೆ. ಮನೆಯೊಡೆಯ "ನಿಮ್ಮ ಕಾಫಿ ಕುಡೀರಿ" ಅಂದರೆ ಕ್ಷಮಿಸಿದ ಹಾಗೆ. ಅನ್ನದಿದ್ದರೆ, ಬಂದ ದಾರಿ ಹಿಡಿಯಬೇಕು, ಆಮೇಲೆ ಊರಿನಲ್ಲಿ ಆ ಎರಡು ಮನೆಗಳು ಸಾವಿಗೂ ಮದುವೆಗೂ ಕೂಡುವುದಿಲ್ಲ. "ಹಾಜಿ ಕುಡೀರಿ ಅನ್ನದಿದ್ರೆ ನಾನು ಮೈಕ್ ಮುಟ್ಟಲ್ಲ, ಉಸ್ತಾದ್," ಅಂದ ಝುಹೈರ್. ಅದಕ್ಕೆ ಉಸ್ತಾದರು, "ಅದು ಆಮೇಲಿನ ಮಾತು. ಮೊದಲು ಒಳ್ಳೆ ಜಾಕೆಟ್ ಹಾಕ್ಕೊಂಡು ಬಾ," ಅಂದರು.

ಶುಕ್ರವಾರ ಮಧ್ಯಾಹ್ನ ಸಂಘಕ್ಕೆ ಸಂಘವೇ ಹಾಜಿಯ ಅಂಗಳಕ್ಕೆ ಬಂತು. ದ್ರಾಕ್ಷಿ ಚಪ್ಪರದಡಿ ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕೆಲವರು ಕಟ್ಟೆಯ ಮೇಲೆ ಕೂತರು. ಹಾಜಿ ಕೋಲೂರಿಕೊಂಡು ಹೊರಬಂದರು. ಒಂದು ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿತ್ತು. ಇಷ್ಟು ಜನರನ್ನು ಕಂಡು ಅವರ ಮುಖ ಅರಳಿತು.

"ಅಯ್ಯೋ ದೇವರೇ, ಒಂದು ಕಣ್ಣಿನ ಪೊರೆ ತೆಗೆಸಿದ್ದಕ್ಕೆ ಇಷ್ಟು ಜನಾನಾ? ಎರಡೂ ತೆಗೆಸಿದ್ರೆ ಸೈನ್ಯಾನೇ ಬರ್ತಿತ್ತೇನೋ. ನಿನ್ನೆ ಇರ್ಬಿದ್ ಆಸ್ಪತ್ರೆಯಲ್ಲಿ ಮಲಗಿದ್ದೆ ಮಾರಾಯ್ರೆ, ವಾರ್ತೆ ತಪ್ಪಿಹೋಯ್ತು."

ಝುಹೈರ್ ಉಸ್ತಾದರ ಮುಖ ನೋಡಿದ. ಇವರಿಗೆ ಏನೂ ಕೇಳಿಸಿಯೇ ಇಲ್ಲ. ಗಸ್ಸಾನ್ ಆಕಾಶ ನೋಡಿದ. ಈಗ ಹಣ್ಣು ತಂದಿದ್ದೇವೆ, ಕಣ್ಣು ಹೇಗಿದೆ ಎಂದು ಕೇಳಿ ಎದ್ದು ಹೋಗಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಹಾಜಿಯ ಮಗಳು ಕಾಫಿ ತಂದಿದ್ದಳು, ಉಸ್ತಾದರು ರೂಢಿಯಂತೆ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಮುಂದಿಟ್ಟಾಗಿತ್ತು, ನೋಡಿದ ಹಾಜಿಗೆ ಗೊತ್ತಾಗಿತ್ತು.

"ಜಾಹಾನಾ?" ಅಂದರು ಹಾಜಿ. "ಮೊಮ್ಮಗಳನ್ನ ಕೇಳೋಕೆ ಬಂದಿದ್ರೆ, ಅವಳಿನ್ನೂ ಮೂರನೇ ಕ್ಲಾಸು."

ಉಸ್ತಾದರು ಗಂಟಲು ಸರಿಮಾಡಿಕೊಂಡು, ನಮ್ಮಲ್ಲೊಬ್ಬನ ನಾಲಿಗೆ ಜಾರಿದೆ, ತಾವು ದೊಡ್ಡವರು ಎಂದು ನಯವಾಗಿ ಶುರು ಮಾಡಿದರು. ನಯವಾದ ಮಾತು ಹಾಜಿಯ ಕಿವಿಗೆ ಹತ್ತುವುದಿಲ್ಲ. "ಹಾಂ? ಯಾರು? ಹಾಂ?" ಅಂದರು. ಕಾಲೇಜು ಹುಡುಗಿಯೊಬ್ಬಳು ಮುಖ ಮುಚ್ಚಿಕೊಂಡಳು. ಉಸ್ತಾದರು ಸೋತು ಝುಹೈರನ ಕಡೆ ನೋಡಿದರು. ಎದ್ದು ನಿಲ್ಲದೆ ದಾರಿ ಇರಲಿಲ್ಲ.

ಹಾಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಮಂಡಿಯೂರಿ, ಊರೆಲ್ಲ ಮೆಚ್ಚಿದ ಆ ಕಂಠವನ್ನೆತ್ತಿ ಕೂಗಿ ಹೇಳಿದ. "ಕಿವುಡ ಮುದುಕ ಅಂದೆ, ಹಾಜಿ. ಸಿಡಿಲು ಬಡಿದು ನಿಮ್ಮ ಆಂಟೆನಾ ಉದುರಲಿ ಅಂದೆ. ಅಣಕಿಸಿದೆ." ಪಕ್ಕದ ಮನೆ ಕಿಟಕಿ ತೆರೆದುಕೊಂಡಿತು. "ನಿಮ್ಮ ಮಾತು ನಮಗ್ಯಾರಿಗೂ ಕೇಳಿಸಲ್ಲ. ಐದು-ಒಂಬತ್ತು ಅಂತ ಸುಳ್ಳು ಹೇಳ್ತಿದ್ದೆ. ಎಲ್ಲಾನೂ ಮೈಕಲ್ಲೇ ಅಂದೆ. ಊರೆಲ್ಲ ಕೇಳಿದೆ."

ಹಾಜಿ ಬೈಗುಳದ ಮಾತನ್ನು ಕೈಯಿಂದ ನೊಣ ಅಟ್ಟಿದ ಹಾಗೆ ಅಟ್ಟಿಬಿಟ್ಟರು. "ಕಿವುಡ ಹೌದಲ್ಲ. ಮುದುಕಾನೂ ಹೌದು," ಅಂದರು. ಆಮೇಲೆ ಅವನ ಕಡೆ ಬಾಗಿ, "ಎಷ್ಟು ವರ್ಷದಿಂದ ಕೇಳಿಸಲ್ಲ?" ಅಂದರು.

"ಕೇಬಲ್ಲಿಗೆ ನೀರಿಳಿದಾಗಿಂದ. ಐದಾರು ವರ್ಷ ಆಗಿರ್ಬೇಕು."

"ಹೇಳಿದ್ರೆ ಬದಲಾಯಿಸ್ತಿದ್ದೆನಲ್ಲೋ ಮಗಾ."

ಝುಹೈರ್ ಬೆರಳಿಗಂಟಿದ ವಾರ್ನಿಷ್ ಕೆರೆಯತೊಡಗಿದ.

"ಹಾಗಾದ್ರೆ ನನ್ನ ಹೆಂಡ್ತಿ ಉಮ್ ರಾತಿಬ್ ತೀರಿಕೊಂಡ ವಾರ?" ಹಾಜಿ ಒಬ್ಬೊಬ್ಬರ ಮುಖವನ್ನೂ ಒಂದೇ ಕಣ್ಣಿನಿಂದ ನೋಡಿದರು. "ಅವತ್ತು ಅವಳ ವಿಷಯ ಹೇಳೋಕೆ ಹೋಗಿ ಮೈಕ್ ಹಿಡ್ಕೊಂಡೇ ಅತ್ತುಬಿಟ್ಟೆ. ಚಿಕ್ಕ ಮಗು ಥರ ಅತ್ತೆ. ಅದೂ ಕೇಳಿಸಲಿಲ್ವಾ?"

ಝುಹೈರ್ ಇಲ್ಲವೆಂದು ತಲೆಯಾಡಿಸಿದ. ಆ ಗುರುವಾರ ಅವನಿಗೆ ನೆನಪೇ ಇರಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದಾಗಿತ್ತು.

"ಎಲ್ಲಾ ಚೆನ್ನಾಗಿ ಕೇಳಿಸ್ತು ಹಾಜಿ, ಅಂದೆ ನೀನು. ನನಗೆ ಎಷ್ಟು ನಾಚಿಕೆ ಆಯ್ತು ಅಂತೀಯ? ಹವಾಲ್ದಾರ, ಊರೆಲ್ಲ ಕೇಳೋ ಹಾಗೆ ಅತ್ತನಲ್ಲ ಅಂತ. ಪೇಟೆಗೆ ಬರೋಕೆ ಹೆದರಿದ್ದೆ. ಆದ್ರೆ ನಿಮ್ಮಲ್ಲಿ ಒಬ್ಬನೂ ಆ ಮಾತು ಎತ್ತಲಿಲ್ಲ. ಮುದುಕನ ಮಾನ ಮುಚ್ಚಿದ್ರು, ಎಂಥ ಮಕ್ಕಳಪ್ಪ ಇವ್ರು ಅಂದ್ಕೊಂಡೆ. ಆ ಋಣಕ್ಕೇ ನಾನು ಗುರುವಾರ ಗುರುವಾರ ಬರ್ತಿದ್ದುದು. ಇಲ್ಲಾಂದ್ರೆ ಈ ಕಿವಿ ಇಟ್ಕೊಂಡು ರೇಡಿಯೋ ಮುಂದೆ ನನಗೇನು ಕೆಲಸ?"

ಉಸ್ತಾದರು ತಮ್ಮ ಚಪ್ಪಲಿ ನೋಡುತ್ತಿದ್ದರು.

"ಸರಿ," ಅಂದರು ಹಾಜಿ. "ನಿಮ್ಮ ಕಾಫಿ ಕುಡೀರಿ. ಆರಿಹೋಗ್ತಿದೆ."

ಎಲ್ಲರೂ ಬಟ್ಟಲು ಎತ್ತಿದರು. ಝುಹೈರನೂ ಎತ್ತಿ ತುಟಿಯವರೆಗೆ ತಂದ. ಅಲ್ಲಿಗೆ ಕೈ ನಿಂತಿತು, ಹಾಜಿಯ ಕಾಲ ಬುಡದಲ್ಲಿ, ಅಷ್ಟು ಜನರೆದುರು, ಬಿಕ್ಕಿ ಬಿಕ್ಕಿ ಅತ್ತ. ಅವನ ಕಂಠಕ್ಕೆ ತಕ್ಕ ಅಳು, ಬೀದಿಯ ಕೊನೆಗೂ ಕೇಳಿಸುವಂಥದು. ಹಾಜಿ ಮಾತ್ರ ಮುಖ ಆಚೆ ತಿರುಗಿಸಿ, ಏನೂ ಕೇಳಿಸದವರ ಹಾಗೆ, ಈ ಸಲ ಆಲಿವ್ ಫಸಲು ಹೇಗಿದೆ ಎಂದು ಉಸ್ತಾದರನ್ನು ಕೇಳುತ್ತ ಅವರ ಬಟ್ಟಲಿಗೆ ಕಾಫಿ ಬಗ್ಗಿಸಿದರು.