ನೀಲವ್ವನ ಸಸಿಗಳು

ಟೊಮೆಟೊ ಎಲೆಯ ವಾಸನೆ ನಿಮಗೂ ಗೊತ್ತಿರಬೇಕು. ಒಮ್ಮೆ ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಇವತ್ತು ಬೆಳಿಗ್ಗೆ ಮೊಮ್ಮಗನ ಹೆಂಡತಿ ಚಿತ್ತಾಪುರದ ಸಂತೆಯಿಂದ ತಂದ ಟೊಮೆಟೊ, ಮೆಣಸಿನ ಸಸಿಗಳ ಕಟ್ಟನ್ನು ಬಿಚ್ಚುತ್ತ ಕೂತಿದ್ದೆ. ಅವುಗಳನ್ನು ನೆಡಲೆಂದು ಅವಳು ಕೈಚಾಚಿದಳು. ಅಷ್ಟರಲ್ಲಿ ಅರವತ್ತು ದಾಟಿದ ನನ್ನ ಮಗರಾಯ, ಪೇಪರಿನಿಂದ ತಲೆಯನ್ನೂ ಎತ್ತದೆ ಅಂದ:

"ಮೂರು ದಿನ ಮುಟ್ಟಬ್ಯಾಡವ. ನೀ ಹೊರಗಾಗೀದಿ, ಮುಟ್ಟಿದ್ರ ಬಾಡ್ತಾವ. ನಮ್ಮ ನೀಲವ್ವ ದೊಡ್ಡವ್ವನ ಸಸಿ ಹಂಗೇ ಸತ್ತಿದ್ದು."

ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ನನ್ನ ಪಿತ್ತ ನೆತ್ತಿಗೇರಿತು. ನೀಲವ್ವನ ಸಸಿ ಸತ್ತಾಗ ಈ ಮಗ ಇನ್ನೂ ಹುಟ್ಟಿರಲೇ ಇಲ್ಲ. ಆದರೂ ಎಷ್ಟು ಧೈರ್ಯದ ಸಾಕ್ಷಿ ನೋಡಿ!

ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷವಾಗಿರಬೇಕು, ನಾನು ಮದುವೆಯಾಗಿ ಸೇಡಂಗೆ ಬಂದಾಗ. ಮಾವನವರು ತಹಸೀಲು ಕಚೇರಿಯಲ್ಲಿ ಗುಮಾಸ್ತರು. ಬರೆಯುವುದು ಉರ್ದುವಿನಲ್ಲಿ, ಬೈಯುವುದೂ ಉರ್ದುವಿನಲ್ಲಿ, ಪೂಜೆ ಮಾತ್ರ ಕನ್ನಡದಲ್ಲಿ. ಅವರೆದುರು ಸೊಸೆಯಂದಿರು ಮಾತಾಡುವ ಪದ್ಧತಿ ಇರಲಿಲ್ಲ. ಏನಾದರೂ ಬೇಕಿದ್ದರೆ ಬಾಗಿಲ ಸಂದಿಯಲ್ಲಿ ನಿಂತು ಬಳೆ ಸದ್ದು ಮಾಡಬೇಕು. ಅದಕ್ಕೆ ಅವರು ಕೆಮ್ಮಿದರೆ ಉತ್ತರ ಕೊಟ್ಟಂತೆ. ನಗಬೇಡಿ, ನಾನು ಎರಡು ವರ್ಷ ಬಳೆಯಲ್ಲೇ ಸಂಸಾರ ಮಾಡಿದ್ದೇನೆ.

ನೀಲವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿಯಲ್ಲ, ಭಾವನ ಹೆಂಡತಿ. ತೆಂಗಳಿಯ ಒಕ್ಕಲುತನದ ಮನೆಯವಳು. ಭಾವ ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದು, ಎಂದೋ ಒಂದು ಭಾನುವಾರ ಬಂದು ಹೋಗುತ್ತಿದ್ದರು. ಅಷ್ಟು ದೊಡ್ಡ ಮನೆಯಲ್ಲಿ ಅವಳದು ಅಂತ ಇದ್ದದ್ದು ಬಾವಿಯ ಹಿಂದಿನ ನಾಲ್ಕು ಮಾರು ಕರಿಮಣ್ಣು. ಅಲ್ಲಿ ಕೂತಾಗ ಮಾತ್ರ ಅವಳ ಬಾಯಿ ಬಿಚ್ಚುತ್ತಿತ್ತು.

"ಟಮಾಟಿ ಕುತ್ತಿಗಿ ಮಟ ಹೂಳಬೇಕ, ಅದರ ಕಾಂಡಕ್ಕೂ ಬೇರ ಬರ್ತದ. ಮೆಣಸಿನಕಾಯಿಗಿ ಹಂಗ ಮಾಡಿದಿ ಅಂದ್ರ ಕೊಳೀತದ ನೋಡು," ಅನ್ನುವಳು. ಸಸಿ ನೆಡುವುದು ಬಿಸಿಲು ಇಳಿದ ಮೇಲೆ. ಆಮೇಲೆ ಎಂಟು ದಿನ ಬಾಣಂತನ, ಅದು ಅವಳದೇ ಮಾತು. ಮುಂಜಾನೆ ಬಿಸಿಲೇರುವ ಮೊದಲೊಮ್ಮೆ, ಸಂಜೆಯೊಮ್ಮೆ, ಚೊಂಬಿನಿಂದ ಬುಡಕ್ಕಷ್ಟೇ ನೀರು. ಎಲೆಗೆ ಒಂದು ಹನಿಯೂ ತಾಗಬಾರದು. ಪ್ರತಿ ಸಸಿಯ ಪಡುವಣಕ್ಕೆ ಶಹಾಬಾದ್ ಕಲ್ಲಿನ ಒಂದು ಚೂರನ್ನು ಗೇಣು ದೂರದಲ್ಲಿ ನಿಲ್ಲಿಸಿ ನೆರಳು ಮಾಡುತ್ತಿದ್ದಳು. ಹೊತ್ತು ಮುಳುಗಿದ ಕೂಡಲೇ ಅದನ್ನು ಮಲಗಿಸಿಬಿಡುವಳು. ಕಲ್ಲಿನ ಕಾವು ಸಸಿಗೆ ತಾಗಬಾರದಂತೆ. ನನಗೋ ಆಗ ಮೆಣಸಿನ ಸಸಿ ಯಾವುದು, ಬದನೆ ಸಸಿ ಯಾವುದು ಎಂಬುದೂ ತಿಳಿಯದು. ಒಮ್ಮೆ ಕಳೆ ಅಂತ ಸಸಿಯನ್ನೇ ಕಿತ್ತು ಬೈಸಿಕೊಂಡಿದ್ದೆ.

ಆ ವರ್ಷ ಶಿವರಾತ್ರಿ ಮುಗಿದ ಮೇಲೆ ಮಾವನವರಿಗೆ ಹಿತ್ತಲಿಗೆಲ್ಲ ಫರ್ಸಿ ಕಲ್ಲು ಹಾಸುವ ಹುಕಿ ಬಂತು. ಕಚೇರಿಯ ಸಾಹೇಬರ ಮನೆಯಲ್ಲಿ ಹಾಸಿದ್ದರಲ್ಲ, ಇನ್ನೇನು ಬೇಕು? ನೀಲವ್ವ ಅತ್ತೆಯ ಬಾಯಿಂದ ಹೇಳಿಸಿದಳು, ಅಷ್ಟು ಮಣ್ಣನ್ನಾದರೂ ಬಿಡಿ ಎಂದು. ಮಾವ ಕೆಮ್ಮಿದರು. "ಈ ಸಲದ ಸಸಿ ಹಿಡಿದ್ರ ಬಿಡ್ತೀನಿ. ಇಲ್ಲಂದ್ರ ಫರ್ಸಿನೇ."

ನಲವತ್ತು ಸಸಿ ನೆಟ್ಟಳು. ನಾಲ್ಕು ದಿನ ಬಾಣಂತನ ಚೆನ್ನಾಗಿಯೇ ನಡೆಯಿತು, ಎಲೆಗಳು ತಲೆ ಎತ್ತಿದವು. ಐದನೆಯ ದಿನ ನೀಲವ್ವ ಹೊರಗಾದಳು. "ಮೂರು ದಿನ ಹಿತ್ತಲಕಡಿ ಸುಳೀಬ್ಯಾಡ ಅಂತ ಹೇಳು ಆಕಿಗಿ. ನೆರಳು ಬಿದ್ರ ಸುಟ್ಟುಹೋಗ್ತಾವ. ನೀರು ನಾನೇ ಹಾಕ್ತೀನಿ," ಎಂದು ಮಾವನವರ ಅಪ್ಪಣೆಯಾಯಿತು.

ಇದೇ ಮಾವ ಪ್ರತಿ ಸೋಮವಾರ ಪಡಸಾಲೆಯಲ್ಲಿ ನಾಲ್ಕು ಜನರನ್ನು ಕೂಡಿಸಿಕೊಂಡು, ಕೊರಳಲ್ಲಿ ಲಿಂಗ ಇದ್ದವರಿಗೆ ಯಾವ ಸೂತಕವೂ ಇಲ್ಲ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದರು! ನೀಲವ್ವನ ಕೊರಳಲ್ಲಿ ಇದ್ದದ್ದೇನು, ಬದನೆಕಾಯಿಯೇ? ಇಷ್ಟು ವರ್ಷವಾದರೂ ಇದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಮರುದಿನ ಸೋಮವಾರವೇ, ಕಚೇರಿಗೂ ರಜೆ. ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಸೂತಕವಿಲ್ಲದ ಧರ್ಮದ ಮಾತು ನಡೆದದ್ದೇ ನಡೆದದ್ದು, ಸಸಿ ಯಾರ ನೆನಪಿಗೆ ಬರಬೇಕು? ನಡು ಮಧ್ಯಾಹ್ನ, ಬಂದವರೆಲ್ಲ ಎದ್ದುಹೋದ ಮೇಲೆ ಮಾವ ಧಾವಿಸಿ ಹಿತ್ತಲಿಗೆ ಬಂದರು. ಅಂಗಳದ ಬಿಸಿಲಲ್ಲಿ ಬೆಳಗಿನಿಂದ ಕಾದ ತಾಮ್ರದ ಹಂಡೆ ಇತ್ತು. ಅದರ ನೀರನ್ನೇ ಕೊಡದಲ್ಲಿ ತುಂಬಿ ತುಂಬಿ, ಎಲೆ, ಸುಳಿ, ಕಲ್ಲು ಎನ್ನದೆ ಸುರಿದರು. ನೆರಳು ಹೆಚ್ಚಾಗಲೆಂದು ಕಾದ ಕಲ್ಲುಗಳನ್ನು ಸಸಿಗಳಿಗೆ ಒತ್ತಿ ನಿಲ್ಲಿಸಿದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಬಳೆ ಸದ್ದು ಮಾಡಲು ಕೈ ಎತ್ತಿದೆ. ಹಾಗೆಯೇ ಇಳಿಸಿದೆ.

ಎರಡು ದಿನದಲ್ಲಿ ನಲವತ್ತೂ ಕರಕಲು. "ನೋಡ್ರಿ, ಆಕಿ ಕದ್ದು ಬಂದು ಹೋಗ್ಯಾಳ. ಇಲ್ಲಂದ್ರ ಹಿಂಗ್ಯಾಕ ಆಗ್ತಿತ್ತು?" ಎಂದು ಮಾವ ಓಣಿಗೆಲ್ಲ ಕೇಳುವಂತೆ ಕೂಗಾಡಿದರು. ನೀಲವ್ವ ತಲೆಗೆ ನೀರೆರೆದುಕೊಂಡು ಒಳಗೆ ಬಂದವಳೇ ಹಿತ್ತಲಿಗೆ ಹೋಗಿ, ಒಂದು ಸಸಿ ಕಿತ್ತು, ಬೇರು ಹಿಸುಕಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಂಗಿ, ನೀರು ಯಾವಾಗ ಹಾಕ್ಯಾರ? ನೀ ನೋಡೀದಿಯೇನು?"

"ನಾ ನೋಡಿಲ್ಲಕ್ಕಾ," ಎಂದೆ.

ಫರ್ಸಿ ಬಂತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಕೆಲವು ತಿಂಗಳಲ್ಲಿ ನೀಲವ್ವ ಮಾವನ ಮಾತನ್ನೇ ನಂಬಿಬಿಟ್ಟಳು. ಹೊರಗಾಗುವ ಹಿಂದಿನ ಸಂಜೆ ಸಸಿ ಮುಟ್ಟಿದ್ದೆನಲ್ಲ, ಆಗಲೇ ಮೈಲಿಗೆ ಶುರುವಾಗಿರಬೇಕು ಎಂದು ತಾನೇ ಲೆಕ್ಕ ಹಾಕಿ ಹೇಳತೊಡಗಿದಳು. ತವರಿನ ಮೆಣಸಿನ ಹೊಲಕ್ಕೆ ಹೋದರೂ ಬದುವಿನ ಆಚೆಯೇ ನಿಲ್ಲುತ್ತಿದ್ದಳಂತೆ. ಇಡೀ ಮನೆಯಲ್ಲಿ ಗಿಡದ ಮರ್ಮ ಬಲ್ಲವಳು ಅವಳೊಬ್ಬಳೇ. ಅವಳನ್ನು ಗಿಡಕ್ಕೆ ಅಂಜುವಂತೆ ಮಾಡಿದ ಆ ಮನೆಗೆ ಏನನ್ನಬೇಕು? ಕೊನೆಯ ಉಸಿರಿನವರೆಗೂ ಅವಳು ಮತ್ತೆ ಒಂದು ಸಸಿ ನೆಡಲಿಲ್ಲ.

ಇದನ್ನೆಲ್ಲ ಇವತ್ತು ಮಗನ ಮುಂದೆ ಸುರಿದೆ. ಹಂಡೆ, ಕೊಡ, ಮಧ್ಯಾಹ್ನ, ಒಂದನ್ನೂ ಬಿಡಲಿಲ್ಲ. "ಸಸಿ ಕೊಂದದ್ದು ನಿಮ್ಮ ಅಜ್ಜನ ಕೈಯಪ್ಪ, ಆಕಿ ನೆರಳಲ್ಲ," ಎಂದು ಕೂಗಿಯೇ ಹೇಳಿದೆ. ಅವನು ಪೇಪರು ಮಡಚಿಟ್ಟ. ನನಗೆ ಗೆದ್ದಷ್ಟು ಹಿಗ್ಗಾಯಿತು.

ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ನೀವು ನೋಡಿದ್ದು ಅವರಿಗಿ ಆಮ್ಯಾಲರೆ ಹೇಳಿದ್ರೇನ್ರಿ, ಅಜ್ಜಿ?"

ಮಾವ ತೀರಿಕೊಂಡ ಮೇಲೂ ನೀಲವ್ವ ಹನ್ನೆರಡು ವರ್ಷ ಬದುಕಿದ್ದಳು. ಒಂದೇ ಒಲೆಯ ಮುಂದೆ, ನನ್ನ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಇಲ್ಲವ," ಎಂದೆ.

ಹುಡುಗಿ ನನ್ನ ಮಡಿಲಲ್ಲಿದ್ದ ಸಸಿಗಳನ್ನು ಎತ್ತಿಕೊಂಡು ಹೊರಗೆ ಹೋದಳು.